ನಮ್ಮನ್ನು ಏನೆಂದು ಕರೆಯಬೇಕೆಂದು ನಮ್ಮನ್ನೇ ಕೇಳಿ

ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಿಗೆ, ಮತ್ತು ಸರ್ಕಾರದ ಅರ್ಜಿ ನಮೂನೆ, ಸುತ್ತೋಲೆ, ನಾಮಫಲಕಗಳ ಕನ್ನಡವನ್ನು ಸಿದ್ಧಪಡಿಸುವ ಎಲ್ಲ ಅಧಿಕಾರಿಗಳಿಗೆ,

ಮಾನ್ಯರೇ,

ನಾನು 34 ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು. ಕ್ಯಾಲಿಪರ್ ಕಟ್ಟಿಕೊಂಡು, ಊರುಗೋಲು ಹಿಡಿದು ಓಡಾಡುತ್ತೇನೆ. ಮದುವೆ ಆಗಿಲ್ಲ. ನನ್ನ ವಿಚಾರವನ್ನು ಇಷ್ಟು ಮೊದಲೇ ಹೇಳಬೇಕಾಯಿತು, ಯಾಕೆಂದರೆ ನನ್ನ ವಯಸ್ಸಿಗೆ, ಕಾಲಿಗೆ, ಮದುವೆ ಇಲ್ಲದ್ದಕ್ಕೆ ಒಂದೊಂದು ಮರ್ಯಾದೆಯ ಪದವಿದೆ. ಆ ಮೂರನ್ನೂ ಒಂದೇ ಬೆಳಿಗ್ಗೆ ಒಂದೇ ಜಾಗದಲ್ಲಿ ಎದುರಿಸಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ಹೋದ ವರ್ಷ ಒಂದು ದೃಢೀಕರಣ ಪತ್ರಕ್ಕಾಗಿ ಒಂದು ಕಚೇರಿಗೆ ಹೋಗಿದ್ದೆ. ಮೊದಲ ಮಹಡಿ, 22 ಮೆಟ್ಟಿಲು, ಲಿಫ್ಟ್ ಇಲ್ಲ. ಹತ್ತಿ ಗೋಡೆಗೆ ಒರಗಿ ಸುಧಾರಿಸಿಕೊಳ್ಳುತ್ತಿದ್ದಾಗ ಎದುರಿಗೆ ಹೊಸದಾಗಿ ಬರೆಸಿದ ಫಲಕ ಕಂಡಿತು: ‘ದಿವ್ಯಾಂಗರಿಗೆ ಮೊದಲ ಆದ್ಯತೆ’. ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯವನು. ನನ್ನನ್ನು ನೋಡಿದವನೇ ಎದ್ದು ಬಂದು ತನ್ನ ಕುರ್ಚಿ ಎಳೆದುಕೊಟ್ಟ. ಆಮೇಲೆ ಕಂಪ್ಯೂಟರ್ ನೋಡಿಕೊಂಡು, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, “ಅಜ್ಜಿ, ಶ್ರೀಮತಿ ಅಂತ ಹಾಕ್ಲಾ, ಕುಮಾರಿ ಅಂತ ಹಾಕ್ಲಾ? ಗಂಡನ ಹೆಸರು ಕೇಳ್ತಾ ಇದೆ” ಎಂದ.

“ಎರಡೂ ಬೇಡಪ್ಪ. ಬರೀ ಹೆಸರು ಹಾಕು.”

“ಬಿಟ್ರೆ ಮುಂದಕ್ಕೆ ಹೋಗಲ್ಲ ಅಜ್ಜಿ.”

ಕೊನೆಗೆ ‘ಕುಮಾರಿ’ ಒತ್ತಿದ. ನನಗಾಗ 61 ವರ್ಷ.

ಆ ಹುಡುಗನ ಮೇಲೆ ನನಗೆ ದೂರಿಲ್ಲ. ಅವನ ಬಾಯಲ್ಲಾಗಲಿ ಆ ಗೋಡೆಯ ಮೇಲಾಗಲಿ ಬೈಗುಳ ಒಂದೂ ಇರಲಿಲ್ಲ. ಅಜ್ಜಿ, ಕುಮಾರಿ, ದಿವ್ಯಾಂಗ: ಮೂರೂ ಗೌರವದ ಮಾತುಗಳೇ. ಆದರೆ ಒಂದು ಹಿತವಾಯಿತು, ಎರಡು ನೋಯಿಸಿದವು. ಯಾಕೆ ಹಾಗಾಯಿತು ಎಂದು ವರ್ಷವಿಡೀ ಯೋಚಿಸಿದ್ದೇನೆ. ‘ಅಜ್ಜಿ’ ಎನ್ನುವುದನ್ನು ಅವನು ನನ್ನ ಮುಖ ನೋಡಿ, ಎದ್ದು ನಿಂತು ಅಂದ. ನಾನು ‘ಅಪ್ಪ’ ಎಂದು ಉತ್ತರಿಸಿದೆ. ನನಗೆ ಇಷ್ಟವಾಗದಿದ್ದರೆ “ಅಜ್ಜಿ ಅನ್ನಬೇಡ, ಟೀಚರ್ ಅನ್ನು” ಎಂದರೆ ಮುಗಿಯುತ್ತಿತ್ತು. ಉಳಿದ ಎರಡು ಪದಗಳನ್ನು ಆರಿಸಿದವರು ಅಲ್ಲಿರಲಿಲ್ಲ. ಅವರಿಗೆ ಉತ್ತರ ಕೊಡುವ ದಾರಿ ನನಗೂ ಇರಲಿಲ್ಲ, ಅವನಿಗೂ ಇರಲಿಲ್ಲ. ಆ ಉತ್ತರವನ್ನು ಈಗ ನಿಮಗೆ ಕೊಡುತ್ತಿದ್ದೇನೆ.

ಮೊದಲು ನನ್ನ ಕಾಲಿನ ಪದವನ್ನೇ ತೆಗೆದುಕೊಳ್ಳುತ್ತೇನೆ. ನಾನು ಚಿಕ್ಕವಳಿದ್ದಾಗ ಊರಲ್ಲಿ ‘ಕುಂಟಿ’ ಎನ್ನುತ್ತಿದ್ದರು. ಶಾಲೆಗೆ ಸೇರಿದ ಮೇಲೆ ಕಾಗದಪತ್ರಗಳಲ್ಲಿ ‘ಅಂಗವಿಕಲೆ’ಯಾದೆ. ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ‘ವಿಕಲಚೇತನ’ ಬಂತು. ಈಗ ನಮ್ಮ ರಾಜ್ಯದ ಇಲಾಖೆಯ ಹೆಸರಿನಲ್ಲೇ ಆ ಪದವಿದೆ. ವೇದಿಕೆಯ ಭಾಷಣಗಳಲ್ಲಿ ಅದು ‘ವಿಶೇಷಚೇತನ’ವಾಗಿದೆ. ಪ್ರತಿ ಸಲವೂ ಹಳೆಯ ಪದ ಒರಟಾಯಿತು ಎಂದು ಹೊಸದನ್ನು ತಂದರು.

ಸಮಾಸ ಬಿಡಿಸುವುದನ್ನು ಎಂಟು, ಒಂಬತ್ತು, ಹತ್ತನೇ ತರಗತಿಯ ಸಾವಿರಾರು ಮಕ್ಕಳಿಗೆ ಕಲಿಸಿದ್ದೇನೆ. ದಯವಿಟ್ಟು ಇದನ್ನು ಬಿಡಿಸಿ ನೋಡಿ. ಅಂಗವಿಕಲ ಎಂದರೆ ಅಂಗದಲ್ಲಿ ಊನ ಇರುವವರು. ನನಗೆ ಇರುವುದು ಅದೇ, ಎಡಗಾಲಿನಲ್ಲಿ. ವಿಕಲಚೇತನ ಎಂದರೆ? ವಿಕಲವಾದ ಚೇತನ ಉಳ್ಳವರು, ಬಹುವ್ರೀಹಿ. ಚೇತನ ಅಂದರೆ ಅರಿವು, ಜೀವಸತ್ವ, ಒಳಗಿನ ಬೆಳಕು. ಅಂಗದಲ್ಲಿದ್ದ ಊನವನ್ನು ಮರ್ಯಾದೆಯ ಹೆಸರಿನಲ್ಲಿ ಚೇತನಕ್ಕೆ ವರ್ಗಾಯಿಸಲಾಯಿತು. ನನ್ನ ಕಾಲು ಊನವಾಗಿದೆ, ಒಪ್ಪುತ್ತೇನೆ. ನನ್ನ ಚೇತನ ಊನವಾಗಿದೆ ಎಂದು ಯಾವ ವೈದ್ಯಕೀಯ ಮಂಡಳಿ ಪರೀಕ್ಷಿಸಿ ಹೇಳಿತು? ಹಳೆಯ ಪದಕ್ಕಿಂತ ಹೊಸ ಪದ ಹೆಚ್ಚು ನೋಯಿಸುವಂಥದ್ದು ಎಂದು ಆಗ ಯಾರಾದರೂ ಒಬ್ಬ ಅಂಗವಿಕಲ ಕನ್ನಡ ಶಿಕ್ಷಕರನ್ನು ಕೇಳಿದ್ದರೂ ತಿಳಿಯುತ್ತಿತ್ತು.

ಆ ಪದಕ್ಕೆ ಈಗ ರೂಢಿಯ ಬಲವಿದೆ, ಅರ್ಥ ಬಿಡಿಸಿ ನೋಡುವವರು ಕಡಿಮೆ ಎಂದು ನೀವು ಹೇಳಬಹುದು. ಅದೂ ನಿಜ. ನನ್ನ ಗೆಳತಿಯರಲ್ಲಿ ಹಲವರು ‘ವಿಕಲಚೇತನ’ ಎಂದೇ ತಮ್ಮನ್ನು ಕರೆದುಕೊಳ್ಳುತ್ತಾರೆ, ಆ ಹೆಸರಿನಲ್ಲೇ ಸಂಘ ಕಟ್ಟಿದ್ದಾರೆ, ಧರಣಿ ಕೂತಿದ್ದಾರೆ. ಅವರ ಪದವನ್ನು ಅವರ ಬಾಯಿಂದ ಕಿತ್ತುಕೊಳ್ಳುವ ಹಕ್ಕು ನನಗಿಲ್ಲ. ಹಾಗಿದ್ದರೂ ಸರ್ಕಾರ ಒಂದು ಪದವನ್ನು ಇಡೀ ರಾಜ್ಯಕ್ಕೆ ಹಂಚುವಾಗ ಅರ್ಥ ನೋಡಬೇಕಾದದ್ದು ಅದರ ಕೆಲಸ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ನಮ್ಮಂಥವರು 13 ಲಕ್ಷಕ್ಕೂ ಹೆಚ್ಚು.

ಇನ್ನು ‘ದಿವ್ಯಾಂಗ’. 2015ರ ಡಿಸೆಂಬರ್ 27ರ ಮನದ ಮಾತು ಕಾರ್ಯಕ್ರಮದಲ್ಲಿ ಪ್ರಧಾನಿಯವರು ಈ ಪದವನ್ನು ಸೂಚಿಸಿದರು. ಮರುವರ್ಷ ಕೇಂದ್ರದ ಇಲಾಖೆಯ ಹಿಂದಿ ಹೆಸರಿನಲ್ಲೂ ಅದು ಸೇರಿತು. ದೇಶದ ಹಲವು ಸಂಘಟನೆಗಳು ಆಗಲೇ ಬೇಡವೆಂದು ಪತ್ರ ಬರೆದವು. 2019ರಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿ ಭಾರತದ ಬಗೆಗಿನ ತನ್ನ ಅವಲೋಕನದಲ್ಲಿ ಈ ಪದ ವಿವಾದಕ್ಕೊಳಗಾಗಿಯೇ ಉಳಿದಿದೆ ಎಂದು ದಾಖಲಿಸಿತು. ಹೇಳಿದವರ ಉದ್ದೇಶ ಒಳ್ಳೆಯದೇ ಇತ್ತೆಂದು ನಾನು ನಂಬುತ್ತೇನೆ. ಆದರೆ ನನ್ನ ಕಾಲಿನಲ್ಲಿ ದಿವ್ಯವಾದದ್ದು ಏನೂ ಇಲ್ಲ. ಲಸಿಕೆ ಸಿಗದ ಊರಿನಲ್ಲಿ ಹುಟ್ಟಿದೆ, ವೈರಸ್ ನರಗಳನ್ನು ತಿಂದಿತು, ಅಷ್ಟೆ.

ನಮ್ಮ ಕಡೆ ನನ್ನನ್ನು ಕಂಡವರ ಬಾಯಿಂದ ಮೊದಲು ಬರುವ ಮಾತು ‘ಅಯ್ಯೋ ಪಾಪ’. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವರು, ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂರಿಸುವವರು, ಎಲ್ಲರೂ ಪ್ರೀತಿಯಿಂದಲೇ ಹಾಗೆ ಅನ್ನುತ್ತಾರೆ. ಆ ಮಾತಿನ ಒಳಗೆ ಇನ್ನೊಂದು ಅರ್ಥ ಕೂತಿದೆ ಎಂದು ಅವರು ಗಮನಿಸುವುದಿಲ್ಲ. ಹಿಂದಿನ ಜನ್ಮದ ಪಾಪಕ್ಕೆ ಈ ಕಾಲು ಎಂದು ನನ್ನ ಅಜ್ಜಿ ನನ್ನೆದುರೇ ಹೇಳುತ್ತಿದ್ದರು, ಅಳುತ್ತಾ ಹೇಳುತ್ತಿದ್ದರು. ಒಬ್ಬರಿಗೆ ನನ್ನ ಕಾಲು ದೇವರು ಕೊಟ್ಟ ಶಿಕ್ಷೆ, ಇನ್ನೊಬ್ಬರಿಗೆ ದೇವರು ಕೊಟ್ಟ ವರ. ಇಬ್ಬರೂ ಅದನ್ನು ದೇವರ ಲೆಕ್ಕಕ್ಕೆ ಬರೆಯುತ್ತಾರೆ. ದೇವರ ಲೆಕ್ಕಕ್ಕೆ ಹೋದ ವಿಷಯಕ್ಕೆ ಲೋಕೋಪಯೋಗಿ ಇಲಾಖೆ ಇಳಿಜಾರು ದಾರಿ ಕಟ್ಟಿಸಬೇಕಾದ ಜರೂರು ಬರುವುದಿಲ್ಲ.

ಮಾನ್ಯರೇ, ಇದು ನಮ್ಮ ದೇಶದ ಹಳೆಯ ಅಭ್ಯಾಸ. ಯಾರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಮನಸ್ಸಿಲ್ಲವೋ ಅವರ ಹೆಸರಿಗೆ ದೇವರನ್ನು ಅಂಟಿಸುತ್ತೇವೆ. ಚಿಕ್ಕ ಹುಡುಗಿಯರ ಕೊರಳಿಗೆ ಮುತ್ತು ಕಟ್ಟಿ ‘ದೇವದಾಸಿ’ ಎಂದೆವು. ಅದನ್ನು ನಿಷೇಧಿಸಲು ನಮ್ಮ ರಾಜ್ಯಕ್ಕೆ 1982ರ ಕಾಯ್ದೆ ಬೇಕಾಯಿತು. ಮೂವತ್ತರ ದಶಕದ ಆರಂಭದಲ್ಲಿ ಗಾಂಧೀಜಿ ‘ಹರಿಜನ’ ಪದವನ್ನು ಬಳಕೆಗೆ ತಂದರು, 1933ರಲ್ಲಿ ಆ ಹೆಸರಿನ ಪತ್ರಿಕೆಯನ್ನೇ ಆರಂಭಿಸಿದರು. ಅಸ್ಪೃಶ್ಯ ಎನ್ನುವುದಕ್ಕಿಂತ ಹರಿಯ ಜನ ಎನ್ನುವುದು ಎಷ್ಟೋ ಮೇಲು ಎಂದು ಅವರಿಗೆ ಅನಿಸಿತು. ಆದರೆ 1938ರ ಜನವರಿಯಲ್ಲಿ ಬಾಂಬೆ ಶಾಸನಸಭೆಯ ಒಂದು ಮಸೂದೆಯಲ್ಲಿ ಆ ಪದ ಬಂದಾಗ ಅಂಬೇಡ್ಕರ್ ಅದನ್ನು ವಿರೋಧಿಸಿ ತಮ್ಮ ಪಕ್ಷದವರೊಂದಿಗೆ ಸಭೆಯಿಂದ ಹೊರನಡೆದರು. ಯಾರನ್ನು ಆ ಪದ ಕರೆಯುತ್ತಿತ್ತೋ ಅವರ ಪ್ರತಿನಿಧಿ ಅಷ್ಟು ಸ್ಪಷ್ಟವಾಗಿ ಬೇಡವೆಂದ ಮೇಲೂ ಕೇಂದ್ರ ಗೃಹ ಸಚಿವಾಲಯ ಜಾತಿ ಪ್ರಮಾಣಪತ್ರಗಳಲ್ಲಿ ‘ಹರಿಜನ’ ಎಂದು ಬರೆಯಬಾರದೆಂದು ರಾಜ್ಯಗಳಿಗೆ ಸೂಚಿಸಿದ್ದು 1982ರಲ್ಲಿ. ನಡುವೆ 44 ವರ್ಷ. ಕೆಲವು ಊರುಗಳಲ್ಲಿ ‘ಹರಿಜನ ಕಾಲೊನಿ’ ಎಂಬ ಹೆಸರು ಇನ್ನೂ ಅಳಿಸಿಲ್ಲ. ನಾನು ಕೆಲಸ ಮಾಡಿದ ಒಂದು ಹಳ್ಳಿಯಲ್ಲಿ ಆ ಫಲಕ ದಾಟಿ ಎರಡು ಫರ್ಲಾಂಗ್ ನಡೆದರೆ ಹರಿಯ ಗುಡಿ. ಹರಿಯ ಜನಕ್ಕೆ ಅದರೊಳಗೆ ಪ್ರವೇಶ ಇರಲಿಲ್ಲ.

2023ರ ಏಪ್ರಿಲ್‌ನಲ್ಲಿ ಪಕ್ಕದ ಮಹಾರಾಷ್ಟ್ರದಲ್ಲೂ ಇಂಥದ್ದೇ ನಡೆಯಿತು. ಗಂಡ ತೀರಿಕೊಂಡ ಹೆಂಗಸರನ್ನು ‘ವಿಧವೆ’ ಎನ್ನದೆ ‘ಗಂಗಾ ಭಾಗೀರಥಿ’ ಎಂದು ಕರೆದರೆ ಹೇಗೆಂದು ಅಲ್ಲಿನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು ಸೂಚಿಸಿದರು. ಮಹಿಳಾ ಸಂಘಟನೆಗಳು ಒಪ್ಪಲಿಲ್ಲ. ನಮ್ಮ ಬೆಳಗಾವಿ ಕಡೆಯ ಹಳೆಯ ಮನೆತನಗಳ ಲಗ್ನಪತ್ರಿಕೆಗಳಲ್ಲಿ ‘ಗಂ. ಭಾ.’ ಎಂಬ ಎರಡಕ್ಷರ ಕಂಡವರಿಗೆ ಗೊತ್ತು: ಅದು ಪವಿತ್ರ ನದಿಯ ಹೆಸರು, ಜೊತೆಗೆ ಈಕೆಯನ್ನು ಆರತಿಗೆ ಕರೆಯಬೇಡಿ ಎಂಬ ಸೂಚನೆ.

ನಮ್ಮಲ್ಲೇ 1984ರಿಂದ ಇರುವ ಪಿಂಚಣಿಯ ಹೆಸರು ‘ನಿರ್ಗತಿಕ ವಿಧವಾ ವೇತನ’. ತಿಂಗಳು ತಿಂಗಳು ಆ ಎರಡು ಪದಗಳನ್ನು ಹೇಳಿಯೇ ಆ ಹಣ ಕೇಳಬೇಕು. ಇಂಥ ಹೆಸರೂ ಬೇಡ, ಗಂಗೆಯ ಹೆಸರೂ ಬೇಡ. ಇದೇ ರಾಜ್ಯ 2013ರಲ್ಲಿ ಮದುವೆಯಾಗದ, ವಿಚ್ಛೇದಿತ ಹೆಂಗಸರ ಪಿಂಚಣಿಗೆ ‘ಮನಸ್ವಿನಿ’ ಎಂದು ಹೆಸರಿಟ್ಟಿತು. ಆ ಹೆಸರಿಟ್ಟವರು ಯಾರೋ ನನಗೆ ಗೊತ್ತಿಲ್ಲ, ಸಿಕ್ಕಿದರೆ ಕೈಮುಗಿಯುತ್ತೇನೆ. ಮನಸ್ಸು ಗಟ್ಟಿ ಇರುವವಳು ಎಂಬ ಅರ್ಥ. ಯಾರೋ ಒಬ್ಬರು ಆ ಹೆಂಗಸರನ್ನು ಹತ್ತಿರದಿಂದ ನೋಡಿ ಇಟ್ಟ ಹೆಸರು ಅದು. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ‘ಮನೆಯ ಯಜಮಾನಿ’ ಎಂಬ ಮಾತು ಸರ್ಕಾರದ ಕಾಗದಕ್ಕೆ ಬಂತು. ನಮ್ಮ ಕಡೆ ‘ಯಜಮಾನ್ರು’ ಎಂದರೆ ಗಂಡ, ಬೇರೆ ಅರ್ಥವೇ ಇಲ್ಲ. ಹಾಲು ಹಾಕಲು ಬರುವ ಹೆಂಗಸು ಪಡಿತರ ಚೀಟಿ ತೋರಿಸಿ “ಯಜಮಾನಿ ನಾನೇ ಅಂತೆ ಟೀಚರಮ್ಮ” ಎಂದಾಗ ಅವಳ ಮುಖ ನೋಡಿದ್ದೇನೆ. ಆ ಪದದ ಹಿಂದೆ ತಿಂಗಳಿಗೆ 2000 ರೂಪಾಯಿ ಇತ್ತು, ಅವಳ ಹೆಸರಿನ ಖಾತೆ ಇತ್ತು. ಅದಕ್ಕೇ ಪದ ನಿಂತಿತು.

ಮರ್ಯಾದೆಯ ಪದ ತಾನು ಹೇಳಿದ್ದನ್ನು ಕೊಟ್ಟರೆ ಉಳಿಯುತ್ತದೆ. ಕೊಡದಿದ್ದರೆ ಅದು ಮೂಗಿಗೆ ಸವರಿದ ತುಪ್ಪ. 1970ರ ದಶಕದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನೇ ನಿಷೇಧಿಸಿದರು. ಹೊರುವವರಿಗೆ ಇನ್ನೊಂದು ಅಂದದ ಹೆಸರು ಹುಡುಕುತ್ತಾ ಕೂರಲಿಲ್ಲ, ಹೊರೆಯನ್ನೇ ಇಳಿಸಿದರು. ನಮ್ಮ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಳೆಯ ಕಾಯ್ದೆಯಲ್ಲಿ 7 ಬಗೆಯ ಊನಗಳಿದ್ದವು, ಇದರಲ್ಲಿ 21. ಸಾರ್ವಜನಿಕರ ಎದುರು ಬೇಕೆಂದೇ ನಮ್ಮನ್ನು ಅವಮಾನಿಸಿದವರಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸ ಎಂದು 92ನೇ ಕಲಂ ಹೇಳುತ್ತದೆ. ಈಗಿರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮಗಳು ಬಂದ ಐದು ವರ್ಷದೊಳಗೆ ನಾವು ಒಳಗೆ ಹೋಗುವಂತೆ ಮಾಡಬೇಕೆಂದು 45ನೇ ಕಲಂ ಹೇಳುತ್ತದೆ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ, ಅಂದರೆ ಗಡುವು ಮುಗಿದದ್ದು 2022ರಲ್ಲಿ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಈ ನಿಯಮಗಳು ಬರೀ ಸಲಹೆಯ ಹಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ತೀರ್ಪು ಕೊಟ್ಟಿತು. ನಾನು ಹತ್ತಿದ 22 ಮೆಟ್ಟಿಲು ಆ ತೀರ್ಪಿನ ನಂತರದವು. ಯಾರಾದರೂ ನನ್ನನ್ನು ‘ಕುಂಟಿ’ ಎಂದರೆ ಕಾನೂನು ನನ್ನ ಕಡೆಗಿದೆ. ‘ದಿವ್ಯಾಂಗರಿಗೆ ಆದ್ಯತೆ’ ಎಂದು ಮಹಡಿಯ ಮೇಲೆ ಬರೆದಿಟ್ಟರೆ ಅದನ್ನು ಯಾವ ಕಲಮಿನಡಿ ಹೇಳಲಿ?

ದೇವರ ಹೆಸರಿರುವ ಪದಗಳೆಲ್ಲ ಕೆಟ್ಟವು ಎಂದು ನಾನು ವಾದಿಸುತ್ತಿಲ್ಲ. ಮಂಜಮ್ಮ ಜೋಗತಿಯವರನ್ನು ನೋಡಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಎಲ್ಲಮ್ಮನ ಜೋಗತಿ ಎನ್ನುವುದನ್ನು ಅವರು ತಮ್ಮ ಹೆಸರಿನ ಜೊತೆಗೇ ಇಟ್ಟುಕೊಂಡಿದ್ದಾರೆ. ಆ ಪದದ ನೋವನ್ನೂ ಹಾಡನ್ನೂ ಬದುಕಿದವರು ಅವರು. ಇಟ್ಟುಕೊಳ್ಳುವುದೂ ಬಿಡುವುದೂ ಅವರ ಹಕ್ಕು. ‘ದಲಿತ’ ಎಂಬ ಪದವೂ ಹಾಗೆಯೇ. ತುಳಿತಕ್ಕೆ ಒಳಗಾದವರು ಎಂಬ ಕಹಿ ಅರ್ಥವಿದ್ದರೂ ಎಪ್ಪತ್ತರ ದಶಕದಲ್ಲಿ ನಮ್ಮ ರಾಜ್ಯದ ಹುಡುಗರು ಅದನ್ನು ಎತ್ತಿಕೊಂಡು ಚಳವಳಿ ಕಟ್ಟಿದರು. ಅದಕ್ಕೆ ವಿರುದ್ಧವಾಗಿ, ಪತ್ರಿಕೆಗಳು ಮರ್ಯಾದೆಗೆಂದು ಬಳಸುವ ‘ಮಂಗಳಮುಖಿ’ಯನ್ನು ಆ ಸಮುದಾಯದಲ್ಲೇ ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. 2021ರಲ್ಲಿ ಸರ್ಕಾರಿ ಹುದ್ದೆಗಳಲ್ಲಿ ಅವರಿಗೆ ಶೇ 1ರಷ್ಟು ಮೀಸಲಾತಿ ಕೊಟ್ಟ ರಾಜ್ಯ ನಮ್ಮದು. ಅಷ್ಟು ಮಾಡಿದವರಿಗೆ, ನಿಮ್ಮನ್ನು ಏನೆಂದು ಬರೆಯೋಣ ಎಂದು ಒಂದು ಸಲ ಕೇಳುವುದು ಕಷ್ಟದ ಕೆಲಸವಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯವರಿಗೂ ನನ್ನ ಮಾತು ಇದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಅಣ್ಣನ ಮಗಳು ಯುಗಾದಿಗೆ ಬಂದಿದ್ದಳು. ಒಬ್ಬಟ್ಟಿನ ಊಟ ಆದ ಮೇಲೆ ಸಂಜೆಯವರೆಗೂ ನಮ್ಮಿಬ್ಬರಿಗೆ ಇದೇ ಚರ್ಚೆ.

“ಅತ್ತೆ, ಗೊತ್ತಿಲ್ಲದವರನ್ನ ಆಂಟಿ, ಅಮ್ಮ, ಅಕ್ಕ ಅನ್ನೋದೇ ತಪ್ಪು. ನನಗೆ 29. ತರಕಾರಿ ಅಂಗಡಿಯವರು ಆಂಟಿ ಅಂತಾರೆ. ನನ್ನ ವಯಸ್ಸು, ನನ್ನ ಮದುವೆ, ಎಲ್ಲಾ ಅವರೇ ತೀರ್ಮಾನ ಮಾಡ್ಬಿಡ್ತಾರೆ. ಎಲ್ಲರಿಗೂ ಮೇಡಂ, ಸರ್ ಅಂದ್ರೆ ಸಾಕಲ್ವಾ?”

‘ಆಂಟಿ’ಯ ವಿಷಯದಲ್ಲಿ ಅವಳು ಸರಿ. ಆ ಪದ ಚಿಕ್ಕಮ್ಮನ ಜಾಗದಲ್ಲಿ ಬಂದು ಕೂತರೂ ಚಿಕ್ಕಮ್ಮನಾಗಲಿಲ್ಲ. ಗಂಡು ಹುಡುಗರ ಬಾಯಲ್ಲಿ, ಮೊಬೈಲಿನ ವಿಡಿಯೊಗಳಲ್ಲಿ ಅದಕ್ಕೆ ಒಂದು ಕೀಳು ಅರ್ಥ ಅಂಟಿಕೊಂಡಿದೆ. ಬೇಡ ಎನ್ನುವ ಹೆಣ್ಣುಮಕ್ಕಳ ಮಾತನ್ನು ಕೇಳಲೇಬೇಕು. ಆದರೆ ‘ಅಕ್ಕ’ನನ್ನೂ ‘ಅಮ್ಮ’ನನ್ನೂ ಒಟ್ಟಿಗೇ ಹೊರಗೆ ಹಾಕಿ ‘ಮೇಡಂ’ನನ್ನು ತಂದು ಕೂರಿಸಿದರೆ ಎಲ್ಲರೂ ಸಮ ಆಗುತ್ತಾರೆ ಎಂಬುದನ್ನು ನಾನು ಒಪ್ಪಲಾರೆ. ಒಂದು ದಿನ ನಮ್ಮ ಊರಿನ ಬಸ್ಸು ಹತ್ತಿ ಕಂಡಕ್ಟರ್ ಮಾತು ಕೇಳಿಸಿಕೊಳ್ಳಿ. ಇಸ್ತ್ರಿ ಸೀರೆಯವರಿಗೆ “ಮೇಡಂ, ಟಿಕೆಟ್”. ಸೊಪ್ಪಿನ ಬುಟ್ಟಿ ಇಟ್ಟುಕೊಂಡವರಿಗೆ “ಏನಮ್ಮಾ, ಎಲ್ಗೆ? ಚಿಲ್ಲರೆ ತೆಗಿ”. ‘ಮೇಡಂ’ ಸೀರೆ ನೋಡಿ ಕೊಡುವ ಪದವಾಗಿದೆ. ‘ಅಕ್ಕ’ ಎನ್ನುವಾಗ ಕನಿಷ್ಠಪಕ್ಷ ಬಟ್ಟೆಯ ಲೆಕ್ಕ ಇಲ್ಲ. ಸೊಪ್ಪಿನವಳೂ ಅಕ್ಕ, ಬ್ಯಾಂಕಿನವಳೂ ಅಕ್ಕ.

ಕೆಲಸದ ಮೊದಲ ಐದು ವರ್ಷ ಗದಗ ಕಡೆ ಇದ್ದೆ. ಅಲ್ಲಿನ ‘ರೀ’ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. “ಬರ್ರಿ ಅಕ್ಕಾರ”, “ಹೌದ್ರಿ”, “ಯಾಕ್ರಿ”. ಗಂಡಸಿಗೂ ಅದೇ, ಹೆಂಗಸಿಗೂ ಅದೇ. ಮದುವೆಯಾಗಿದೆಯೇ, ವಯಸ್ಸೆಷ್ಟು ಎಂದು ಕೇಳದೆಯೇ ಕೊಡಬಹುದಾದ ಮರ್ಯಾದೆ. ನಮ್ಮ ಹಾಸನ, ಮೈಸೂರು ಕಡೆಯವರು ಉತ್ತರದ ಮಾತನ್ನು ಒರಟು ಎನ್ನುವುದುಂಟು. ನಾನು ಅಲ್ಲಿಂದ ವರ್ಗವಾಗಿ ಬಂದ ಮೇಲೆ ನನಗೆ ಒರಟಾಗಿ ಕೇಳಿಸಿದ್ದು ನಮ್ಮ ಕಡೆಯ ‘ಬಾರಮ್ಮ’. ಶಾಲೆಯ ಮಕ್ಕಳ ‘ಮಿಸ್’ ಕೂಡ ಹೀಗೆಯೇ ಚೆಂದದ್ದು. ಇಂಗ್ಲಿಷಿನಲ್ಲಿ ಅದು ಮದುವೆಯಾಗದವರ ಗುರುತು. ನಮ್ಮ ಮಕ್ಕಳ ಬಾಯಿಗೆ ಬಂದ ಮೇಲೆ ಮೊಮ್ಮಕ್ಕಳನ್ನು ಕಂಡ ಟೀಚರೂ ಮಿಸ್, ನಾನೂ ಮಿಸ್. ಅದರೊಳಗಿನ ಮದುವೆಯ ಪ್ರಶ್ನೆಯನ್ನು ನಮ್ಮ ಮಕ್ಕಳು ಯಾರಿಗೂ ಹೇಳದೆ ತೆಗೆದುಹಾಕಿದರು.

ಅಣ್ಣನ ಮಗಳಿಗೆ ಆ ಸಂಜೆ ಒಂದು ಸಂಗತಿ ಹೇಳಿದೆ, ನಿಮಗೂ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ನಾನಿದ್ದ ಹಳ್ಳಿಯ ಶಾಲೆಗೆ ದೊಡ್ಡ ಜಮೀನಿನ ಮನೆಯ ಒಬ್ಬ ಹುಡುಗ ಬರುತ್ತಿದ್ದ, ಎಂಟನೇ ತರಗತಿ. ಒಂದು ಮಧ್ಯಾಹ್ನ ಮಳೆ ಬಂತೆಂದು ಅವನಿಗೆ ಕೊಡೆ ತಂದುಕೊಡಲು ಅವರ ಮನೆಯ ಆಳು ಬಂದ. 60 ದಾಟಿದ ಮನುಷ್ಯ, ತಲೆ ಪೂರ್ತಿ ಬೆಳ್ಳಗೆ. ತರಗತಿಯ ಬಾಗಿಲಿನ ಹೊರಗೇ, ಸೂರಿನ ನೀರು ತಲೆಯ ಮೇಲೆ ಬೀಳುವ ಜಾಗದಲ್ಲಿ ನಿಂತು, “ಬುದ್ಧಿ, ಕೊಡೆ ತಂದಿವ್ನಿ” ಎಂದ. ಹುಡುಗ ತಿರುಗಿಯೂ ನೋಡದೆ “ಅಲ್ಲೇ ಇಟ್ಟು ಹೋಗೋ” ಎಂದ. ಅದೇ ತರಗತಿಯ ಮೂರನೇ ಬೆಂಚಿನಲ್ಲಿ ಆ ಮುದುಕನ ಮೊಮ್ಮಗಳು ಕೂತಿದ್ದಳು. ಅವಳು ತಲೆ ತಗ್ಗಿಸಿ ಪುಸ್ತಕದ ಅಂಚನ್ನು ಸುರುಳಿ ಸುತ್ತುತ್ತಿದ್ದಳು.

‘ಬುದ್ಧಿ’ಗಿಂತ ನಯವಾದ ಮಾತು ನಮ್ಮ ಕಡೆಯ ಕನ್ನಡದಲ್ಲಿ ಇನ್ನೊಂದಿಲ್ಲ. ಕೇಳಿಸಿಕೊಂಡವನಿಗೆ ಅದರಿಂದ ಯಾವ ನೋವೂ ಆಗಲಿಲ್ಲ. ಆ ಮರ್ಯಾದೆಯ ಪದ ಅವಮಾನ ಮಾಡಿದ್ದು ಅದನ್ನು ಹೇಳಿದವನಿಗೆ, ಅದನ್ನು ಕೇಳುತ್ತಾ ಕೂತಿದ್ದ ಹುಡುಗಿಗೆ. ಯಾವ ಪದದಿಂದ ಯಾರಿಗೆ ನೋವಾಗುತ್ತದೆ ಎಂದು ಪಟ್ಟಿ ಮಾಡುವವರು ಸಾಮಾನ್ಯವಾಗಿ ಕರೆಸಿಕೊಳ್ಳುವವರನ್ನು ಮಾತ್ರ ಕೇಳುತ್ತಾರೆ. ಕರೆಯಬೇಕಾದವರನ್ನು ಯಾರೂ ಕೇಳುವುದಿಲ್ಲ. ನಾನು ಆ ಹುಡುಗನನ್ನು ಎಬ್ಬಿಸಿ, ಹೊರಗೆ ಹೋಗಿ, ಆ ಹಿರಿಯರನ್ನು ‘ನೀವು’ ಎಂದು ಮಾತನಾಡಿಸಿ ಕೊಡೆ ತೆಗೆದುಕೊಂಡು ಬಾ ಎಂದೆ. ಹೋದ, ತಂದ. ಮಾರನೆಯ ದಿನ ಅವನ ತಂದೆ ಶಾಲೆಗೆ ಬಂದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕೂತರು. ನಾನೂ ಕೂತೆ. ಆ ವರ್ಷದಿಂದ ನಿವೃತ್ತಿಯಾಗುವವರೆಗೂ ನನ್ನ ತರಗತಿಯಲ್ಲಿ ಒಂದು ನಿಯಮ ಇತ್ತು. ವಯಸ್ಸಿನಲ್ಲಿ ದೊಡ್ಡವರಾದ ಯಾರಿಗೇ ಆಗಲಿ ಏಕವಚನ ಇಲ್ಲ. ಕಸ ಗುಡಿಸಲು ಬರುವವರಿಗೂ ಇಲ್ಲ, ಬಿಸಿಯೂಟದ ಅಡುಗೆಯವರಿಗೂ ಇಲ್ಲ.

ಕನ್ನಡದಲ್ಲಿ ಎಲ್ಲರನ್ನೂ ಒಳಗೊಳ್ಳುವ ಭಾಷೆಯ ಪ್ರಶ್ನೆ ನನ್ನ ಪ್ರಕಾರ ಇರುವುದು ಇಲ್ಲಿ. ‘ನೀನು’, ‘ನೀವು’ಗಳ ನಡುವೆ. ‘ಎಲವೋ’ ಎಂದರೆ ನರಕ, ‘ಅಯ್ಯಾ’ ಎಂದರೆ ಸ್ವರ್ಗ ಎಂದು ಬಸವಣ್ಣನವರು 12ನೇ ಶತಮಾನದಲ್ಲೇ ಅದನ್ನು ಗುರುತಿಸಿದ್ದರು. ‘ಜಾಡಮಾಲಿ’ ಹೋಗಿ ‘ಪೌರಕಾರ್ಮಿಕ’ ಬಂತು, ಒಳ್ಳೆಯ ಪದ. ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ, ಹಾರ, ಶಾಲು. ಮಾರನೆಯ ಬೆಳಿಗ್ಗೆ ಐದೂವರೆಗೆ ನಮ್ಮ ಬೀದಿಯಲ್ಲಿ 50 ವರ್ಷದ ಹೆಂಗಸಿಗೆ 25 ವರ್ಷದ ಮೇಲ್ವಿಚಾರಕ “ಏ, ಇಲ್ಲಿ ಬಾ, ಈ ಕಡೆ ಹೊಡಿ” ಎನ್ನುವುದು ನನ್ನ ಕಿಟಕಿಗೆ ಕೇಳುತ್ತದೆ. ಪತ್ರಿಕೆಗಳೂ ಹೀಗೆಯೇ. ಕೋಟಿಗಟ್ಟಲೆ ನುಂಗಿದ ಆರೋಪ ಹೊತ್ತ ರಾಜಕಾರಣಿ ‘ಅವರು’, ಸೈಕಲ್ ಕದ್ದ ಆರೋಪ ಹೊತ್ತವನು ‘ಈತ’.

ನಮ್ಮ ನುಡಿಯಲ್ಲಿ ಇದಕ್ಕೆ ಮದ್ದು ಕೈಯಳತೆಯಲ್ಲೇ ಇದೆ. ಹಿಂದಿಯವರಿಗೆ ಕ್ರಿಯಾಪದದಲ್ಲೂ ಗಂಡು ಹೆಣ್ಣು ಹೇಳದೆ ಗತಿಯಿಲ್ಲ. ಇಂಗ್ಲಿಷಿನವರು ಒಬ್ಬ ವ್ಯಕ್ತಿಗೆ ಬಹುವಚನದ ಸರ್ವನಾಮ ಬಳಸಬಹುದೇ ಎಂದು ಇನ್ನೂ ಜಗಳವಾಡುತ್ತಿದ್ದಾರೆ. ಕನ್ನಡದ ‘ಅವರು’ ಗಂಡಿಗೂ ಆಗುತ್ತದೆ, ಹೆಣ್ಣಿಗೂ ಆಗುತ್ತದೆ, ಎರಡೂ ಅಲ್ಲ ಎನ್ನುವವರಿಗೂ ಆಗುತ್ತದೆ, ಜೊತೆಗೆ ಮರ್ಯಾದೆಯೂ ಅದರಲ್ಲೇ ಇದೆ. ‘ಒಬ್ಬ’, ‘ಒಬ್ಬಳು’ ಬೇಡವಾದರೆ ‘ಒಬ್ಬರು’ ಇದೆ. ‘ಅಧ್ಯಕ್ಷ’, ‘ಅಧ್ಯಕ್ಷೆ’ ಎಂದು ತಡಕಾಡುವ ಬದಲು ‘ಅಧ್ಯಕ್ಷರು’ ಎಂದರೆ ಆಯಿತು. ಹೊಸ ಪದ ಕಟ್ಟುವ ಸಮಿತಿಯೇ ಬೇಕಿಲ್ಲ. ಇಷ್ಟು ಸಂಪತ್ತು ಇಟ್ಟುಕೊಂಡು ನಮ್ಮ ಅರ್ಜಿಗಳು ಈಗಲೂ ‘ಅರ್ಜಿದಾರನ ಸಹಿ’ ಎಂದು ಕೇಳುತ್ತವೆ, ‘ಸದರಿ ಅರ್ಜಿದಾರನು ಮೇಲ್ಕಂಡ ವಿಳಾಸದಲ್ಲಿ ವಾಸವಾಗಿರುತ್ತಾನೆ’ ಎಂದು ಹೇಳುತ್ತವೆ. ಹೆಂಗಸರೂ ಅದರ ಕೆಳಗೇ ರುಜು ಹಾಕುತ್ತಾರೆ.

ಪತ್ರಿಕೆಯವರಿಗೂ ಒಂದು ಮಾತು, ಈ ಪತ್ರ ಅವರ ಕಣ್ಣಿಗೂ ಬೀಳಬಹುದೆಂದು. ಸೇತುವೆಯ ಕೆಲಸ ನಿಂತುಹೋದರೆ ‘ಕುಂಟುತ್ತಾ ಸಾಗಿದ ಕಾಮಗಾರಿ’ ಎಂದು ತಲೆಬರಹ ಕೊಡುತ್ತೀರಿ. ನಾನು 34 ವರ್ಷ ಕುಂಟುತ್ತಲೇ ನಡೆದು ಮೊದಲ ಗಂಟೆ ಬಾರಿಸುವ ಮುಂಚೆ ಶಾಲೆಯಲ್ಲಿ ಇರುತ್ತಿದ್ದೆ. ಗುತ್ತಿಗೆದಾರರ ಸೋಮಾರಿತನಕ್ಕೆ ನನ್ನ ನಡಿಗೆಯ ಹೆಸರು ಬೇಡ. ನಿಂತಿದೆ ಎಂದರೆ ನಿಂತಿದೆ ಎಂದೇ ಬರೆಯಿರಿ.

ನನ್ನ ಕೋರಿಕೆಗಳು ಹೆಚ್ಚಿಲ್ಲ. ಒಂದು ಸಮುದಾಯಕ್ಕೆ ಹೊಸ ಹೆಸರು ಇಡುವ ಮುನ್ನ ಆ ಸಮುದಾಯದವರನ್ನು ಕರೆದು ಕೂರಿಸಿ ಕೇಳಿ. ನಾಲ್ಕು ಜಿಲ್ಲೆಗಳಲ್ಲಿ ಕೇಳಿದರೆ ನಾಲ್ಕು ಉತ್ತರ ಬರಬಹುದು. ಹಾಗಾದಾಗ ಇರುವುದರಲ್ಲಿ ಸರಳವಾದದ್ದನ್ನು, ಇದ್ದದ್ದನ್ನು ಇದ್ದ ಹಾಗೆ ಹೇಳುವುದನ್ನು ಇಟ್ಟುಕೊಳ್ಳಿ. ನನ್ನನ್ನು ಕೇಳಿದರೆ ‘ಅಂಗವೈಕಲ್ಯ ಇರುವವರು’ ಎಂದರೆ ಸಾಕು ಎನ್ನುತ್ತೇನೆ. ನನ್ನ ಗೆಳತಿಯರು ಬೇರೆ ಹೇಳಿಯಾರು, ಅವರನ್ನೂ ಕೇಳಿ. ಕಚೇರಿಗಳ ಸಿಬ್ಬಂದಿಗೆ ಕೊಡುವ ತರಬೇತಿಯಲ್ಲಿ ಎಲ್ಲರಿಗೂ ‘ನೀವು’ ಎನ್ನುವುದನ್ನು ಸೇರಿಸಿ. ಅಕ್ಕ, ಅಣ್ಣ, ಅಜ್ಜಿ ಎನ್ನುವುದನ್ನು ನಿಷೇಧಿಸುವ ಸುತ್ತೋಲೆ ಮಾತ್ರ ಹೊರಡಿಸಬೇಡಿ. ಯಾರಾದರೂ ಬೇಡ ಎಂದರೆ ಅವರಿಗೆ ಬಿಡಲಿ, ಅಷ್ಟು ಸಾಕು.

ಈ ಪತ್ರದ ಜೊತೆ ಅವತ್ತು ನಾನು ತುಂಬಿದ ಅರ್ಜಿಯ ಖಾಲಿ ಪ್ರತಿಯೊಂದನ್ನು ಲಗತ್ತಿಸಿದ್ದೇನೆ. ಉತ್ತರಪತ್ರಿಕೆ ತಿದ್ದುತ್ತಿದ್ದ ಕೆಂಪು ಶಾಯಿಯಲ್ಲೇ ತಿದ್ದಿದ್ದೇನೆ. ಮೊದಲ ಸಾಲಿನ ‘ಶ್ರೀ/ಶ್ರೀಮತಿ/ಕುಮಾರಿ’ ಹೊಡೆದುಹಾಕಿ ‘ಹೆಸರು’ ಉಳಿಸಿದ್ದೇನೆ. ‘ತಂದೆ/ಗಂಡನ ಹೆಸರು’ ಇದ್ದಲ್ಲಿ ‘ತಾಯಿ, ತಂದೆ, ಸಂಗಾತಿ ಅಥವಾ ಪೋಷಕರು, ಯಾರಾದರೂ ಒಬ್ಬರ ಹೆಸರು’ ಎಂದು ಬರೆದಿದ್ದೇನೆ. ನಾನು ಅಲ್ಲಿ ನನ್ನ ತಾಯಿಯ ಹೆಸರು ಬರೆಯಲು ಬಯಸಿದ್ದೆ. ಕಾಲಿಗೆ ಎಣ್ಣೆ ಹಚ್ಚಿ, ಬೆನ್ನ ಮೇಲೆ ಹೊತ್ತು ನನ್ನನ್ನು ನಾಲ್ಕನೇ ತರಗತಿಯವರೆಗೆ ಶಾಲೆಗೆ ಮುಟ್ಟಿಸಿದವರು ಅವರು. ಎರಡನೇ ಪುಟದ ‘ಅರ್ಜಿದಾರನು’ ಎಂಬುದನ್ನು ಏಳು ಕಡೆ ‘ಅರ್ಜಿದಾರರು’ ಮಾಡಿದ್ದೇನೆ. ಕೊನೆಯಲ್ಲಿ, ಅರ್ಜಿ ಸಲ್ಲಿಸುವ ಸ್ಥಳ ಎಂಬ ಕಡೆ, ‘ಮೊದಲ ಮಹಡಿ’ ಎಂಬುದರ ಸುತ್ತ ಒಂದು ಸುತ್ತು ಹಾಕಿ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಇಟ್ಟಿದ್ದೇನೆ. ಅದನ್ನು ತಿದ್ದುವುದು ನನ್ನ ಶಾಯಿಯಿಂದ ಆಗುವುದಿಲ್ಲ.

ತಿದ್ದಿದ ಪ್ರತಿ ಸಿದ್ಧವಾದಾಗ ಒಂದನ್ನು ನನಗೂ ಕಳಿಸಿಕೊಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಹಾಸನ ಜಿಲ್ಲೆಯ ನಿವೃತ್ತ ಕನ್ನಡ ಶಿಕ್ಷಕರೊಬ್ಬರು